ಬೆಂಕಿಪೊಟ್ಟಣದ ಊರಿಗೆ ಹೋದವಳು

ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣದ ಕೊನೆಯ ಕಡ್ಡಿಯನ್ನು ಯಾರೂ ಗೀರುವುದಿಲ್ಲ. ಅದೊಂದನ್ನು ಹಾಗೇ ಬಿಟ್ಟು, ಪೊಟ್ಟಣವನ್ನು ಒಲೆಯ ಮೇಲಿನ ಬುಟ್ಟಿಗೆ ಹಾಕಿ, ಹೊಸದನ್ನು ಒಡೆಯುವುದು ಪದ್ಧತಿ. ಚಿಕ್ಕವಳಿದ್ದಾಗ ಒಮ್ಮೆ ನಾನು ಮರೆತು ಆ ಕಡ್ಡಿಯನ್ನೂ ಗೀರಿಬಿಟ್ಟೆ. ಅಜ್ಜಿ ಬೆನ್ನಿಗೆ ಒಂದು ಗುದ್ದು ಗುದ್ದಿ, "ಅದು ಪಡ್ಡಾಯಿ ಅಜ್ಜಿದು! ಅವಳು ಬಂದ್ರೆ ಒಲೆ ಹಚ್ಚುದು ಯಾವುದರಲ್ಲಿ, ನಿನ್ನ ತಲೆಯಲ್ಲಾ?" ಎಂದು ಬೈದಿದ್ದರು.

ತುಳುವಿನಲ್ಲಿ ಪಡ್ಡಾಯಿ ಅಂದರೆ ಪಶ್ಚಿಮ. ನಮ್ಮ ಕಡೆ ಪಶ್ಚಿಮಕ್ಕೆ ಹೋದರೆ ಸಮುದ್ರ, ಅದರಾಚೆ ಏನಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪಡ್ಡಾಯಿ ಅಜ್ಜಿ ಅಂದರೆ ನನ್ನ ಅಜ್ಜಿಯ ಅಜ್ಜಿ. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ಯಂತ್ರ ಕೂರಿಸಲು ಕೆಂಪು ಗಡ್ಡದ ಒಬ್ಬ ಬಿಳಿ ದೊರೆ ಬಂದಿದ್ದನಂತೆ. ಅವನ ಹೆಂಡತಿಗೆ ಹೆರಿಗೆಯಾಯಿತು, ಎದೆಹಾಲು ಬರಲಿಲ್ಲ. ಇವಳಿಗೆ ಆಗಷ್ಟೇ ಒಂದು ಹೆಣ್ಣುಮಗು ಹುಟ್ಟಿತ್ತು. ಬಡತನ, ಗಂಡ ಇಲ್ಲ. ದೊರೆಯ ಮಗುವಿಗೆ ಹಾಲು ಕೊಡಲು ಹೋದಳು. ಆಮೇಲೆ ದೊರೆ ಊರಿಗೆ ಹೊರಟಾಗ ಆ ಮಗು ಇವಳನ್ನು ಬಿಟ್ಟಿರದೆ ಹೋಯಿತು. ತನ್ನ ಕೂಸನ್ನು ತಂಗಿಯ ಮಡಿಲಿಗೆ ಹಾಕಿ ಹಡಗು ಹತ್ತಿದಳು. ಯಾವ ಊರು ಎಂದು ತಂಗಿ ಕೇಳಿದ್ದಕ್ಕೆ ದೊರೆಯ ಮನೆಯಿಂದ ತಂದಿದ್ದ ಒಂದು ಬೆಂಕಿಪೊಟ್ಟಣ ತೋರಿಸಿ, "ಇದು ಬರ್ತದಲ್ಲ, ಆ ಊರು. ಮಗು ನಡೀಲಿಕ್ಕೆ ಕಲಿತ ಕೂಡಲೆ ಬರ್ತೇನೆ" ಅಂದಳಂತೆ.

ಬರಲಿಲ್ಲ. ತಂಗಿ ಆ ಪೊಟ್ಟಣವನ್ನು ಕಡ್ಡಿ ಕಡ್ಡಿಯಾಗಿ ಖರ್ಚು ಮಾಡಿ ಕೊನೆಯದೊಂದನ್ನು ಉಳಿಸಿದಳು. ನಮ್ಮದು ಅಳಿಯಕಟ್ಟು, ಹೆಣ್ಣಿನಿಂದ ಹೆಣ್ಣಿಗೆ ಇಳಿಯುವ ಮನೆತನ. ಬಿಟ್ಟುಹೋದ ಆ ಕೂಸಿನಿಂದಲೇ ನಾವೆಲ್ಲ ಬಂದವರು. ಹೆತ್ತ ಮಗುವನ್ನು ಬಿಟ್ಟು ಇನ್ನೊಬ್ಬರ ಮಗುವಿಗೆ ಹಾಲೂಡಿಸಲು ಹೋದವಳ ಬಗ್ಗೆ ನಮ್ಮ ಮನೆಯ ಹೆಂಗಸರಿಗೆ ಸಿಟ್ಟೂ ಇತ್ತು, ಮರುಕವೂ ಇತ್ತು. "ಪಾಪ, ಆ ಮಗು ಬಿಟ್ಟಿರ್ಲಿಕ್ಕಿಲ್ಲ ಅವಳನ್ನು" ಎಂಬ ಒಂದು ಮಾತಿನಲ್ಲಿ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಾನು ಸ್ವೀಡನ್ನಿಗೆ ಬಂದದ್ದು ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ, ಗಂಡನ ಕೆಲಸದ ಹಿಂದೆ. ಅವರು ಬೆಂಗಳೂರಿನವರು, ಲಿನ್‌ಶೋಪಿಂಗ್‌ನಲ್ಲಿ ಎಂಜಿನಿಯರ್. ನನ್ನ ಬಿ.ಎಡ್. ಇಲ್ಲಿ ಉಪ್ಪಿನಕಾಯಿಗೂ ಬರಲಿಲ್ಲ. ಭಾಷೆ ಕಲಿತು ಕಡೆಗೆ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಸಹಾಯಕಿಯಾದೆ. ಚಳಿಗಾಲದಲ್ಲಿ ಮಕ್ಕಳಿಗೆ ದಪ್ಪ ಉಡುಪು ತೊಡಿಸಿ ಹೊರಗೆ ಬಿಡುವುದು, ಮತ್ತೆ ಒಳಗೆ ತಂದು ಕಳಚುವುದು, ಮೂಗು ಒರೆಸುವುದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಇಷ್ಟು ಓದಿ ನೀನು ಹೋದದ್ದೂ ಬಿಳಿಯರ ಮಕ್ಕಳ ಮೂಗು ಒರೆಸ್ಲಿಕ್ಕೇ ಅಲ್ವಾ ಮಾರಾಯ್ತಿ?" ಅಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಫೋನು ಕುಕ್ಕಿದೆ. ಅಮ್ಮನೊಡನೆ ನಾನು ಆಡುವುದು ತುಳು. ಇಲ್ಲಿ ಅದನ್ನು ಮಂಗಳೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಆ ಚುಚ್ಚು ಯಾವ ಭಾಷೆಯಲ್ಲೂ ಒಂದೇ.

ಅಮ್ಮನ ಕಿಡ್ನಿ ಕೈಕೊಟ್ಟ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ನಮ್ಮಲ್ಲಿ ಸತ್ತವರನ್ನು ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮನೆಯ ಹಿರಿಯರ ಸಾಲಿಗೆ ಸೇರಿಸುತ್ತಾರೆ. ಒಳಗಿನ ಕೋಣೆಯಲ್ಲಿ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಲ್ಲಬೇಕು. ಅವರು ಉಂಡ ಮೇಲೆ ಬಾಗಿಲು ತೆಗೆಯುವುದು. ಹೀಗೆ ಸೇರಿದವರಿಗೆ ವರ್ಷ ವರ್ಷ ಎಲೆ ಇದೆ. ಸೇರದವರು ಅಂಗಳದ ಆಚೆ ನಿಂತು ನೋಡುತ್ತಾರೆ ಎಂದು ನಂಬಿಕೆ. ಪಡ್ಡಾಯಿ ಅಜ್ಜಿಯನ್ನು ಯಾರೂ ಸೇರಿಸಿರಲಿಲ್ಲ.

"ಸತ್ತಿರ್ತಾಳಮ್ಮ. ಬದುಕಿದ್ರೆ ಈಗ ನೂರೈವತ್ತು ವರ್ಷ ಆಗ್ತಿತ್ತು" ಎಂದು ನಾನು ನಕ್ಕೆ.

"ಸತ್ತದ್ದು ನನಗೂ ಗೊತ್ತುಂಟು, ನನಗೇನು ಮಂಡೆ ಸರಿ ಇಲ್ವಾ? ಎಲ್ಲಿ ಸತ್ತದ್ದು ಅಂತ ಗೊತ್ತಿಲ್ಲದೆ ಎಲ್ಲಿಂದ ಕರೆಯುದು? ನೀನು ಅಲ್ಲೇ ಇದ್ದಿಯಲ್ಲ, ಕೇಳಿ ನೋಡು." ಅಮ್ಮನ ಪಾಲಿಗೆ ಪಶ್ಚಿಮವೆಲ್ಲ ಒಂದೇ ಊರು, ಅಲ್ಲಿ ಎಲ್ಲರಿಗೂ ಎಲ್ಲರ ಗುರುತು. ಆಮೇಲೆ ನಿಧಾನವಾಗಿ ಹೇಳಿದಳು: "ನೋಡು, ನನ್ನದು ಇನ್ನು ಹೆಚ್ಚು ದಿನ ಇಲ್ಲ. ಹಿರಿಯವಳು ಹೊರಗೆ ನಿಂತಿರುವಾಗ ನಾನು ಅವಳನ್ನು ದಾಟಿ ಒಳಗೆ ಹೋಗಿ ಎಲೆ ಮುಂದೆ ಕೂತ್ಕೊಳ್ಳುದಾ? ನನ್ನಿಂದ ಆಗುದಿಲ್ಲ. ಅವಳನ್ನು ಸೇರಿಸದೆ ನನ್ನನ್ನು ಸೇರಿಸ್ಬೇಡಿ. ಅಣ್ಣನಿಗೂ ಹೇಳಿದ್ದೇನೆ."

ಅಣ್ಣ ಅಂದರೆ ನನ್ನ ಸೋದರಮಾವ, ಮನೆಯ ಯಜಮಾನ. ಅವರೂ ಫೋನ್ ಮಾಡಿ, "ಹಟ ಹಿಡಿದಿದ್ದಾಳೆ ಮಾರಾಯ್ತಿ, ಏನಾದ್ರೂ ಮಾಡು" ಅಂದರು. ಸಾಯುವ ಮುಂಚೆ ಜನ ಮೊಮ್ಮಗಳನ್ನು ನೋಡಬೇಕು ಎನ್ನುತ್ತಾರೆ, ಕಾಶಿಗೆ ಹೋಗಬೇಕು ಎನ್ನುತ್ತಾರೆ. ನನ್ನಮ್ಮನಿಗೆ ಬೇಕಾದದ್ದು ಇದು. ಹೆಸರಿಲ್ಲದ ದೊರೆ, ಹೆಸರಿಲ್ಲದ ಊರು. ಎಲ್ಲಿ ಹುಡುಕಲಿ?

ಆ ಬೇಸಿಗೆಯಲ್ಲಿ ಮಗಳ ರಜೆಯೆಂದು ಯೋನ್‌ಶೋಪಿಂಗ್‌ಗೆ ಹೋಗಿದ್ದೆವು. ದೊಡ್ಡ ಸರೋವರ, ಗಾಳಿ, ಐಸ್‌ಕ್ರೀಮು. ಮಳೆ ಬಂತೆಂದು ಹತ್ತಿರದ ಒಂದು ಹಳೆಯ ಕಟ್ಟಡಕ್ಕೆ ನುಗ್ಗಿದೆವು. ಅದು ಬೆಂಕಿಪೊಟ್ಟಣದ ಮ್ಯೂಸಿಯಂ. ಈ ಊರಿನ ಬೆಂಕಿಪೊಟ್ಟಣ ಒಂದಾನೊಂದು ಕಾಲದಲ್ಲಿ ಜಗತ್ತಿಗೆಲ್ಲ ಹೋಗುತ್ತಿತ್ತಂತೆ. ಗಾಜಿನ ಹಿಂದೆ ಹಿಂದೂಸ್ಥಾನಕ್ಕೆಂದೇ ಮಾಡಿದ ಲೇಬಲ್‌ಗಳು: ಆನೆ, ಹುಲಿ, ಕೊಡ ಹೊತ್ತ ಹೆಂಗಸು. ನಾನು ಗಾಜಿಗೆ ಹಣೆಯೊತ್ತಿ ನಿಂತುಬಿಟ್ಟೆ. ಇಷ್ಟು ವರ್ಷ ನಾನು ಅವಳ ಊರಿನಿಂದ ಒಂದೂವರೆ ಗಂಟೆ ದೂರದಲ್ಲಿ ಅನ್ನ ಬೇಯಿಸಿಕೊಂಡು ಕೂತಿದ್ದೆ! ಗಂಡ, "ಏನಾಯ್ತು, ಬಿಪಿ ಏನಾದ್ರೂ ಲೋ ಆಯ್ತಾ?" ಎಂದು ಬಾಟಲಿ ನೀರು ಕೈಗಿಟ್ಟರು. ಹೇಳಿದೆ. ಅವರು ಲೇಬಲ್ಲನ್ನೂ ನನ್ನನ್ನೂ ನೋಡಿ, "ಕಾಕತಾಳೀಯ ಇರ್ಬಹುದು ಕಣೆ" ಅಂದರು. ಇರಬಹುದು. ನನಗೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ದಾಗಿಸ್‌ನಲ್ಲಿ ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಸಹೋದ್ಯೋಗಿ ಇದ್ದಳು. ಸ್ವೀಡನ್ನಿನ ಅರ್ಧ ಜನಕ್ಕಿರುವ ಹುಚ್ಚು ಅವಳಿಗೂ ಇತ್ತು: ಪೂರ್ವಿಕರನ್ನು ಹುಡುಕುವುದು. ಫೀಕಾ ಎನ್ನುವ ಕಾಫಿ ಬಿಡುವಿನಲ್ಲಿ ತನ್ನ ಮುತ್ತಜ್ಜನ ಅಣ್ಣಂದಿರು ಹೊಟ್ಟೆಗಿಲ್ಲದೆ ಅಮೆರಿಕಕ್ಕೆ ಹೋದ ಕತೆಯನ್ನು ನಮಗೆಲ್ಲ ಬಾಯಿಪಾಠವಾಗುವಷ್ಟು ಹೇಳಿದ್ದಳು. ನಾನು ನನ್ನ ಕತೆ ಹೇಳಿದ್ದು ಒಂದೇ ಸಲ. ಅವಳು ಕಾಫಿ ಕಪ್ಪನ್ನು ಕೆಳಗಿಟ್ಟಳು.

"ನಮ್ಮವರೆಲ್ಲ ಪಶ್ಚಿಮ ಅಂತ ಹೊರಟು ಓಡಿಹೋದರು. ನಿನ್ನವಳಿಗೆ ನಾವೇ ಪಶ್ಚಿಮ ಆದೆವಾ!" ಎಂದಳು ತನ್ನ ಭಾಷೆಯಲ್ಲಿ. ಪೂರ್ವಿಕರನ್ನು ಹುಡುಕುವ ತನ್ನ ಸಂಘದವರನ್ನು ಕೇಳುತ್ತೇನೆ ಎಂದಳು. ಸರೋವರದ ಸುತ್ತಿನ ಹಳ್ಳಿಗಳ ಚರ್ಚಿನ ಅಂಗಳಗಳೆಲ್ಲ ಅಲ್ಲಿ ಯಾರಿಗಾದರೂ ಒಬ್ಬರಿಗೆ ಗೊತ್ತಿರುತ್ತದಂತೆ.

ಸಂಘದ ಒಬ್ಬರು ಒಂದು ಕಲ್ಲಿನ ಗುರುತು ಹೇಳಿದರು. ಅಕ್ಟೋಬರ್ ಕೊನೆಯ ಒಂದು ಶನಿವಾರ ಅವಳ ಕಾರಿನಲ್ಲಿ ಹೋದೆವು. ಎಲೆ ಉದುರಿ ಮುಗಿದಿತ್ತು. ಮಧ್ಯಾಹ್ನವೇ ಸಂಜೆಯಂತಿತ್ತು. ಒಂದು ಸಣ್ಣ ಬಿಳಿ ಚರ್ಚು, ಅದರ ಹಿಂದೆ ಇಳಿಜಾರಿನಲ್ಲಿ ಸಮಾಧಿಗಳು, ಕೆಳಗೆ ಬೂದಿಬಣ್ಣದ ನೀರು. ಗೋಡೆಯ ಬದಿಯ ಒಂದು ಕಪ್ಪು ಕಲ್ಲಿನ ಮುಂದೆ ಅವಳು ನಿಂತಳು. ಕಲ್ಲಿಗೆ ಹಳದಿ ಚೀಟಿಯೊಂದನ್ನು ಕಟ್ಟಿದ್ದರು. ಈ ಸಮಾಧಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಇದ್ದರೆ ತಿಳಿಸಿ, ಇಲ್ಲದಿದ್ದರೆ ಕಲ್ಲು ತೆಗೆಯುತ್ತೇವೆ ಎಂದು ಅದರ ಅರ್ಥ. ಇಲ್ಲಿ ಸತ್ತವರಿಗೂ ವಾರಸುದಾರರಿಲ್ಲದಿದ್ದರೆ ಜಾಗ ಇಲ್ಲ.

ಮೇಲೆ ದೊರೆಯ ಹೆಸರು, ಎಂಜಿನಿಯರ್ ಎಂದು, ಅವನ ಹೆಂಡತಿಯ ಹೆಸರು. ಆಮೇಲೆ ಒಂದು ಮಗುವಿನ ಹೆಸರು. ಅದರ ಮುಂದೆ ಹುಟ್ಟಿದ ಊರು ಕೆತ್ತಿದ್ದರು: ಮಂಗಳೂರು. ಪಾಚಿ ಹಿಡಿದ ಆ ಅಕ್ಷರಗಳನ್ನು ನಾನು ಉಗುರಿನಿಂದ ಕೆರೆದು ಕೆರೆದು ಓದಿದೆ. ತೀರ ಕೆಳಗೆ, ನೆಲಕ್ಕೆ ತಾಗುವಂತೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಸಹೋದ್ಯೋಗಿ ಮಂಡಿಯೂರಿ ಓದಿ ಹೇಳಿದಳು: ನಂಬಿಗಸ್ತ ಸೇವಕಿ, ಹುಟ್ಟಿದ್ದು ಈಸ್ಟ್ ಇಂಡಿಯಾದಲ್ಲಿ. ಹಿಂದೂಸ್ಥಾನಕ್ಕೆ ಅವರ ಹಳೆಯ ಹೆಸರು ಅದು. ಹಿಂದಿನ ಕಾಲದಲ್ಲಿ ಬಹಳ ವರ್ಷ ದುಡಿದ ಕೆಲಸದವರನ್ನು ಯಜಮಾನರ ಸಮಾಧಿಯಲ್ಲೇ ಮಲಗಿಸುವ ಪದ್ಧತಿ ಇತ್ತಂತೆ. ಅಲ್ಲಿ ಕೆತ್ತಿದ ಹೆಸರು ಇವಳದಲ್ಲ, ಅವರು ಇಟ್ಟ ಕ್ರೈಸ್ತ ಹೆಸರು. ನನ್ನ ಅಜ್ಜಿಯ ಅಜ್ಜಿ, ಒಡೆಯರ ಕಾಲ ಬುಡದಲ್ಲಿ.

ಅಳು ಬಂತು. ಅತ್ತೆ. ಕಣ್ಣು ಒರೆಸಿಕೊಂಡು ಇಸವಿಗಳ ಕಡೆ ನೋಡಿದೆ, ಕೂಡಿಸಿ ಕಳೆದೆ, ಇನ್ನೊಮ್ಮೆ ಕಳೆದೆ. ಮಗು ಸತ್ತದ್ದು ಎರಡು ತುಂಬುವ ಮೊದಲು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಇರಬೇಕು. ಇವಳು ಸತ್ತದ್ದು ಮುದುಕಿಯಾಗಿ, ಅದಾಗಿ ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ.

"ವಾಪಸ್ ಹೋಗಲು ಅವಳಿಗೆ ಅಲ್ಲಿ ಯಾರೂ ಇರಲಿಲ್ಲವೇನೋ" ಎಂದಳು ಸಹೋದ್ಯೋಗಿ, ಸಮಾಧಾನಕ್ಕೆ.

"ಮಗಳಿದ್ದಳು!" ಎಂದು ನಾನು ಕಿರುಚಿದ ರಭಸಕ್ಕೆ ಗೋಡೆಯ ಮೇಲಿದ್ದ ಕಾಗೆಗಳು ಎದ್ದವು. ಸಹೋದ್ಯೋಗಿ ಏನು ಮಾಡಿಯಾಳು, ಪಾಪ. ಕಾರಿನಲ್ಲಿ ಕ್ಷಮೆ ಕೇಳಿದೆ.

ಅಮ್ಮನಿಗೆ ಹೇಳಬೇಕೇ, ಮಗುವಿನ ವಿಷಯ ನುಂಗಿಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನುಂಗಲು ಆಗಲಿಲ್ಲ. ಮರುದಿನ ಸಮಾಧಿ ಸಿಕ್ಕಿದ್ದು ಹೇಳಿದಾಗ ಅಮ್ಮ ಫೋನಿನಲ್ಲೇ ಜೋರಾಗಿ ಅಳತೊಡಗಿದಳು. "ಸಿಕ್ಕಿದ್ಳಾ? ನಿಜವಾಗ್ಲೂ ಸಿಕ್ಕಿದ್ಳಾ?" ಆಮೇಲೆ ಕೇಳಿದಳು: "ಆ ಮಗು? ದೊಡ್ಡದಾಗಿ ಎಂತ ಆಯ್ತಂತೆ?"

ಹೇಳಿದೆ.

ಅಮ್ಮನ ಅಳು ನಿಂತಿತು. "ಹಾಗಾದ್ರೆ ಬರ್ಲಿಕ್ಕೆ ಎಂತ ದಾಡಿ ಆಗಿತ್ತು ಅವಳಿಗೆ?"

ದೊರೆಸಾನಿ ಕಳಿಸಲಿಲ್ಲವೇನೋ, ಹಡಗಿಗೆ ದುಡ್ಡಿರಲಿಲ್ಲವೇನೋ, ಮತ ಬಿಟ್ಟವಳನ್ನು ಮನೆಗೆ ಸೇರಿಸುವುದಿಲ್ಲ ಎಂದು ಹೆದರಿದಳೇನೋ ಎಂದೆಲ್ಲ ಬಡಬಡಿಸಿದೆ. "ಸಾಕು" ಎಂದಳು ಅಮ್ಮ. "ನನ್ನ ಅಜ್ಜಿ, ಅವಳು ಬಿಟ್ಟುಹೋದ ಆ ಕೂಸು, ಸಾಯುವವರೆಗೂ ಸಂಜೆ ಕಡಲ ಬದಿಗೆ ಹೋಗಿ ನಿಲ್ತಿದ್ರು. ಆ ಮಗು ಬಿಡ್ಲಿಕ್ಕಿಲ್ಲ, ಆ ಮಗು ಬಿಡ್ಲಿಕ್ಕಿಲ್ಲ ಅಂತ. ಮಗುವೇ ಇರ್ಲಿಲ್ಲವಲ್ಲ." ಫೋನು ಇಟ್ಟಳು.

ಆಮೇಲೆ ಹಲವು ದಿನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಮಾವನೇ ಸುದ್ದಿ ಕೊಡುತ್ತಿದ್ದರು. "ಊಟ ಮಾಡುದಿಲ್ಲ. ಅವಳಿಗೆ ಎಲೆ ಹಾಕುವಂತಿಲ್ಲ ಅಂತಾಳೆ. ನನಗೂ ಬೇಡ ಅಂತಾಳೆ. ನೀನು ಯಾಕಾದ್ರೂ ಹೇಳಿದೆ?" ನನಗೂ ಹಾಗೇ ಅನಿಸಿತು. ಅಮ್ಮನ ಕೊರಗನ್ನು ಹೋಗಲಾಡಿಸಲು ಹೋಗಿ ಇದ್ದ ಒಂದು ಸಮಾಧಾನವನ್ನೂ ಕಿತ್ತುಕೊಂಡಿದ್ದೆ. ಇಷ್ಟು ಕಾಲ ಅಂಗಳದಾಚೆ ನಿಂತವಳು ನಿಂತೇ ಇದ್ದಳು, ಈಗ ಅವಳ ಜೊತೆಗೆ ನನ್ನಮ್ಮ.

ನವೆಂಬರ್ ಬಂತು. ಇಲ್ಲಿಯವರು ಸತ್ತವರ ಹಬ್ಬದಂದು ಸಮಾಧಿಗಳಿಗೆ ಮೇಣದ ದೀಪ ಇಡುತ್ತಾರೆ. ಬಸ್ಸು ಬದಲಿಸಿ ಒಬ್ಬಳೇ ಹೋದೆ. ಇಳಿಜಾರಿನ ತುಂಬ ದೀಪಗಳಿದ್ದವು, ಗೋಡೆ ಬದಿಯ ಕಲ್ಲೊಂದೇ ಕತ್ತಲೆಯಲ್ಲಿತ್ತು. ದೀಪ ಹಚ್ಚಿದೆ, ಈ ಊರಿನದೇ ಬೆಂಕಿಪೊಟ್ಟಣದಿಂದ. ಕರೆಯಬೇಕೋ ಬೇಡವೋ ಎಂದು ನಿಂತಿದ್ದಾಗ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ಅಮ್ಮ.

"ಎಲ್ಲಿದ್ದೀ?"

"ಅವಳ ಹತ್ರ."

"ಚಳಿ ಉಂಟಾ ಅಲ್ಲಿ?"

"ತುಂಬಾ."

ಅಮ್ಮ ಉಸಿರು ಎಳೆದುಕೊಂಡಳು. ಈಗ ಒಂದೊಂದು ಮಾತಿಗೂ ಅವಳು ನಿಲ್ಲಬೇಕಾಗುತ್ತಿತ್ತು. "ಕರಿ ಅವಳನ್ನು. ಹೆಸರು ಹಿಡಿದು ಕರಿ, ನಮ್ಮ ಹೆಸರು. ಹಸಿದವಳಿಗೆ ಮೊದಲು ಬಡಿಸ್ಬೇಕು, ಜಗಳ ಆಮೇಲೆ. ಎಂತ ದಾಡಿ ಆಗಿತ್ತು ಅಂತ ನಾನೇ ಹೋಗಿ ಕೇಳ್ತೇನೆ."

ಮೊಬೈಲನ್ನು ಕಲ್ಲಿನ ಹತ್ತಿರ ಹಿಡಿದು, ತುಳುವಿನಲ್ಲಿ, ಮನೆಯಲ್ಲಿ ಮಾತ್ರ ಹೇಳುವ ಆ ಹೆಸರು ಹಿಡಿದು ಕರೆದೆ. ಮನೆಗೆ ಬಾ ಅಂದೆ. ಪಕ್ಕದ ಸಮಾಧಿಗೆ ದೀಪವಿಡುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ ನೋಡಿ, ಟೋಪಿ ಮುಟ್ಟಿ, ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು.

ಜನವರಿಯಲ್ಲಿ ಅಮ್ಮ ಹಾಸಿಗೆ ಹಿಡಿದಳು. ನಮ್ಮ ವಾಸದ ಪರವಾನಗಿಯ ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು. ತೀರ್ಮಾನವಾಗುವ ಮೊದಲು ದೇಶ ಬಿಟ್ಟರೆ ಮರಳಿ ಒಳಗೆ ಬಿಡುವುದಿಲ್ಲ, ಎಷ್ಟು ತಿಂಗಳೋ ಹೇಳುವಂತಿಲ್ಲ. "ನೀನು ಹೋಗೋದಾದ್ರೆ ಹೋಗು, ನಾನು ಹೆಂಗೋ ಮ್ಯಾನೇಜ್ ಮಾಡ್ತೀನಿ" ಎಂದರು ಗಂಡ. ನಾನು ಸೂಟ್‌ಕೇಸ್ ಇಳಿಸಿದೆ. ಮಗಳು ಅದರ ಪಕ್ಕ ಬಂದು ನಿಂತು ಸ್ವೀಡಿಷ್‌ನಲ್ಲಿ ಕೇಳಿದಳು, "ಯಾವಾಗ ವಾಪಸ್ ಬರ್ತೀಯ?" ಅವಳಿಗಾಗ ಆರು. ಅಮ್ಮನಿಗೆ ಫೋನ್ ಮಾಡಿ ಹೊರಟೆ ಅಂದೆ.

"ಬರ್ಬೇಡ" ಎಂದಳು ಅಮ್ಮ. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಕಿವಿಗೆ ಒತ್ತಿ ಹಿಡಿಯಬೇಕಾಯಿತು. "ಮಗುವನ್ನು ಬಿಟ್ಟು ಬರ್ಬೇಡ. ನಮ್ಮಲ್ಲಿ ಒಬ್ಬಳು ಬಿಟ್ಟು ಹೋದದ್ದು ಸಾಕು."

ನಾನು ಹೋಗಲಿಲ್ಲ. ಅಮ್ಮ ಅದೇ ವಾರ ಹೋದಳು. ಸೂಟ್‌ಕೇಸ್ ಅಲ್ಲೇ ತೆರೆದುಕೊಂಡು ಬಿದ್ದಿತ್ತು, ಅದನ್ನು ಮೇಲೆತ್ತಿಡುವ ಶಕ್ತಿಯೂ ನನಗೆ ಇರಲಿಲ್ಲ. ಹೆತ್ತವಳ ಬಾಯಿಗೆ ಒಂದು ಚಮಚ ನೀರು ಬಿಡಲು ಆಗಲಿಲ್ಲವಲ್ಲ ಎಂದು ಎದೆ ಒಡೆಯುವಂತೆ ಅತ್ತೆ. ದಾಗಿಸ್‌ಗೆ ಹೋದಾಗ ಅಲ್ಲಿಯ ಮಕ್ಕಳು ಎಂದಿನಂತೆ ಮೂಗೊಡ್ಡಿ ನಿಂತವು. ಒರೆಸಿದೆ.

ಬೊಜ್ಜದ ದಿನ ಇಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಊರಿನಲ್ಲಿ ನಡು ಮಧ್ಯಾಹ್ನ. ಮಾವ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಂದೊಂದನ್ನೂ ಹೇಳುತ್ತ ಹೋದರು. ಮೊದಲ ಎಲೆ ಹಿರಿಯವಳಿಗೆ, ಬಲಗಡೆ. ಎರಡನೆಯದು ನಿನ್ನಮ್ಮನಿಗೆ. ಕೋಳಿ ಸಾರು, ಕಡುಬು, ಬಂಗುಡೆ ಮೀನು. ಬುಟ್ಟಿಯಿಂದ ಒಂದು ಪೊಟ್ಟಣ ತೆಗೆದು ಆ ಕೊನೆಯ ಕಡ್ಡಿ ಗೀರಿಯೇ ದೀಪ ಹಚ್ಚಿದ್ದೇನೆ, ಅವಳು ಬಂದಾಯ್ತಲ್ಲ. ಹೆಸರು ಹಿಡಿದು ಇಬ್ಬರನ್ನೂ ಕರೆದರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಎಲ್ಲರೂ ಹೊರಗೆ ನಿಂತು ಸುಮ್ಮನಾದರು. ನಾನು ಅಡುಗೆಮನೆಯ ಕಿಟಕಿಯ ಬಳಿ ಮೊಬೈಲ್ ಹಿಡಿದು ನಿಂತಿದ್ದೆ. ಹೊರಗೆ ಹಿಮ ಬೀಳುತ್ತಿತ್ತು. ಮಗಳು ನಿದ್ದೆಗಣ್ಣಲ್ಲಿ ಬಂದು ನನ್ನ ಕಾಲಿಗೆ ಆತುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಮಾವ ಮೆಲ್ಲನೆ ಕೇಳಿದರು. ಈಗ ಮನೆಯ ಹೆಣ್ಣುಗಳಲ್ಲಿ ಹಿರಿಯವಳು ನಾನು, ಕೇಳಬೇಕಾದದ್ದು ನನ್ನನ್ನೇ.

"ಬಾಗಿಲು ತೆಗೀಲಾ?"

"ಇನ್ನೂ ಸ್ವಲ್ಪ ಹೊತ್ತು ಇರ್ಲಿ ಮಾವ," ಅಂದೆ. "ಅಮ್ಮ ಅವಳ ಹತ್ರ ಇನ್ನೂ ಕೇಳಿ ಮುಗಿದಿರ್ಲಿಕ್ಕಿಲ್ಲ."